ಬ್ಯಾಕ್‌ಫೈರ್ ಮೂಲ ಹುಡುಕಲು ಮೂರು ದಾರಿ: ಹಳೆಯ ಅಂಬಾಸಿಡರ್ ಮೇಲೆ ಮಾಡಿ ನೋಡಿದ ಹೋಲಿಕೆ

ಹಳೆಯ ಪೆಟ್ರೋಲ್ ಅಂಬಾಸಿಡರ್ ಏರಿನಲ್ಲಿ ಎಳೆಯದೆ ಕಾರ್ಬುರೇಟರಿನ ಬಾಯಿಂದ ಕೆಮ್ಮತೊಡಗಿದರೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಸೈಲೆನ್ಸರಿನಲ್ಲಿ ಪಟಾಕಿ ಸಿಡಿದಂತೆ ಸದ್ದಾದರೆ, ಬಳ್ಳಾರಿಯಲ್ಲಿ ಸಾಮಾನ್ಯವಾಗಿ ಮೊದಲು ಕಿವಿಗೆ ಬೀಳುವ ಸಲಹೆ ಒಂದೇ: "ಕಾರ್ಬುರೇಟರ್ ಹೋಗ್ಯದ ಸರ, ಹೊಸಾದು ಹಾಕಿಬಿಡೋಣ." ನನ್ನ 1489 ಸಿಸಿ ಗಾಡಿ ಸಂಡೂರಿನ ಗುಡ್ಡದ ರಸ್ತೆಯಲ್ಲಿ ಈ ಎರಡೂ ರೋಗಗಳನ್ನು ಒಟ್ಟಿಗೆ ತೋರಿಸಿದಾಗ ಆ ಸಲಹೆಯನ್ನು ಬದಿಗಿಟ್ಟು, ಮೂಲವನ್ನು ಹುಡುಕಲು ಜನ ಬಳಸುವ ಮೂರು ದಾರಿಗಳನ್ನೂ ಅದರ ಮೇಲೆಯೇ ಪ್ರಯೋಗಿಸಿದೆ. ಒಂದು, ಅನುಮಾನ ಬಂದ ಭಾಗವನ್ನು ಬದಲಿಸುತ್ತ ಹೋಗುವುದು. ಇನ್ನೊಂದು, ಹಳೆಯ ಮಿಸ್ತ್ರಿಗಳಂತೆ ಕಣ್ಣು, ಕಿವಿ, ಕೈಗಳನ್ನೇ ನಂಬುವುದು. ಮತ್ತೊಂದು, ಎಂಜಿನ್ ಗಾಳಿ ಹೀರುವ ಬಲವನ್ನು ತೋರಿಸುವ ವ್ಯಾಕ್ಯೂಮ್ ಗೇಜ್ ಮತ್ತು ಕಿಡಿ ಹಾರುವ ಗಳಿಗೆಯನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ಅಳೆಯುವುದು.

ಯಾವ ದಾರಿ ಹಿಡಿದರೂ ಮೊದಲು ತಿಳಿಯಬೇಕಾದದ್ದು ಸದ್ದು ಎಲ್ಲಿಂದ ಬರುತ್ತಿದೆ ಎಂಬುದು. ಎರಡನ್ನೂ ನಾವು ಬ್ಯಾಕ್‌ಫೈರ್ ಎಂದೇ ಕರೆದರೂ ಅವುಗಳ ಹುಟ್ಟು ಬೇರೆ ಬೇರೆ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಇನ್‌ಲೆಟ್ ವಾಲ್ವ್ ಮತ್ತೆ ತೆರೆಯುವ ಹೊತ್ತಿಗೂ ಸಿಲಿಂಡರಿನಲ್ಲಿ ಬೆಂಕಿ ಉಳಿದಿದ್ದರೆ ಅದು ಹಿಂದಕ್ಕೆ ಹಾರಿ ಕಾರ್ಬುರೇಟರಿನ ಮೂಲಕ ಹೊರಬರುತ್ತದೆ. ಸೈಲೆನ್ಸರಿನ ಸದ್ದಾದರೋ ಸಿಲಿಂಡರಿನಲ್ಲಿ ಉರಿಯದೆ ಹೊರಬಿದ್ದ ಪೆಟ್ರೋಲ್ ಆವಿ ಬಿಸಿ ಕೊಳವೆಯೊಳಗೆ ಹೊತ್ತಿಕೊಂಡದ್ದರ ಫಲ: ಕಿಡಿ ತಪ್ಪಿರಬಹುದು, ಟೈಮಿಂಗ್ ಹಿಂದೆ ಬಿದ್ದು ಕಿಡಿ ತಡವಾಗಿ ಹಾರುತ್ತಿರಬಹುದು, ಇಲ್ಲವೇ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಒಡೆದು ಹೊರಗಿನ ಗಾಳಿ ಒಳಸೇರುತ್ತಿರಬಹುದು. ಪ್ಲಗ್ ವೈರುಗಳನ್ನು ಅದಲುಬದಲು ಹಾಕಿದರೆ ಎರಡೂ ಕಡೆ ಸದ್ದಾಗುತ್ತದೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ, 1-3-4-2 ಎಂಬುದನ್ನು ಬಾನೆಟ್ಟಿನ ಒಳಗೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಭಾಗ ಬದಲಿಸುವ ದಾರಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅದು ಬೇಗ ಆಗುತ್ತದೆ, ಗ್ಯಾರೇಜಿನವರಿಗೆ ಅನುಕೂಲ, ಖರ್ಚು ಗಾಡಿಯವನದು. ಅದಕ್ಕಿಂತ ದೊಡ್ಡ ತೊಡಕೆಂದರೆ ಹೊಸ ಭಾಗವೇ ಸರಿಯಿಲ್ಲದಿರುವ ಸಾಧ್ಯತೆ. ಕಿಡಿಯ ವ್ಯವಸ್ಥೆಯ ಸಣ್ಣ ಭಾಗವಾದ ಕಂಡೆನ್ಸರನ್ನು ಹೊಸದಾಗಿ ತಂದು ಹಾಕಿದೆ; ಅದು ಎಂಜಿನ್ ಬಿಸಿಯಾಗುವವರೆಗೆ ನೆಟ್ಟಗಿದ್ದು, ಆಮೇಲೆ ಹಳೆಯದಕ್ಕಿಂತ ಹೆಚ್ಚು ಮಿಸ್ ಹೊಡೆಯಿತು. ಹಳೆಯದನ್ನೇ ತಿರುಗಿ ಹಾಕಿದೆ. ಹೀಗೆ ಒಂದು ದೋಷದ ಮೇಲೆ ಇನ್ನೊಂದು ಸೇರಿಕೊಂಡರೆ ಯಾವುದು ಮೊದಲಿನದು, ಯಾವುದು ನಾವೇ ತಂದು ಹಾಕಿದ್ದು ಎಂದು ಬಿಡಿಸಿ ನೋಡುವುದು ಕಷ್ಟ. ಈ ದಾರಿ ಒಪ್ಪಿಗೆಯಾಗುವುದು ಒಂದೇ ಸಂದರ್ಭದಲ್ಲಿ: ಸರಿಯಾಗಿ ಓಡುತ್ತಿರುವ ಮತ್ತೊಂದು ಗಾಡಿಯಿಂದ ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲನ್ನೋ ಅದನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪನ್ನೋ ಗಳಿಗೆಯ ಮಟ್ಟಿಗೆ ಎರವಲು ತಂದು ಹಾಕಿ ನೋಡಲು ಸಾಧ್ಯವಿದ್ದಾಗ.

ಮಿಸ್ತ್ರಿಯ ದಾರಿ ಇದಕ್ಕಿಂತ ಎಷ್ಟೋ ಮೇಲು, ಮತ್ತು ಅದಕ್ಕೆ ಬಿಡಿಗಾಸು ಬೇಕಿಲ್ಲ. ಅದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಚೋಕ್ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಏರಿನಲ್ಲಿ ಕೆಮ್ಮು ಶುರುವಾದಾಗ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಗುಬುಟನ್ನು ಮೆಲ್ಲಗೆ ಅರ್ಧದಷ್ಟು ಎಳೆಯಬೇಕು. ಗಾಡಿ ಚೇತರಿಸಿಕೊಂಡು ಎಳೆದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ; ಇನ್ನಷ್ಟು ಮಂಕಾದರೆ ಮಿಶ್ರಣ ಮೊದಲೇ ದಟ್ಟವಾಗಿದೆ ಅಥವಾ ದೋಷ ಕಿಡಿಯ ಕಡೆಗಿದೆ. ನನ್ನ ಗಾಡಿ ಚೇತರಿಸಿಕೊಂಡಿತು. ಪಂಪಿನಿಂದ ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ ಬಾಟಲಿಗೆ ಇಳಿಬಿಟ್ಟು, ಕಿಡಿ ಹಾರದಂತೆ ಕಾಯಿಲಿನ ವೈರನ್ನು ತೆಗೆದು ಸೆಲ್ಫ್ ಹೊಡೆದಾಗ, ಚಿಮ್ಮಬೇಕಾದ ಪೆಟ್ರೋಲ್ ಜಿನುಗುತ್ತಿತ್ತು. ಪಂಪಿನ ಗಾಜಿನ ಬಟ್ಟಲಿನ ತಳದಲ್ಲಿ ಕೆಂಪು ಕೆಸರು ಬೆರಳಿಗೆ ಹತ್ತುವಷ್ಟು ನಿಂತಿತ್ತು, ಅದರ ಜಾಲರಿ ಮುಚ್ಚಿಹೋಗಿತ್ತು. ಅದಿರಿನ ಲಾರಿಗಳ ಹಿಂದೆ ಓಡುವ ಗಾಡಿಯಲ್ಲಿ ಇದು ಅಚ್ಚರಿಯಲ್ಲ, ಆದರೆ ಟ್ಯಾಂಕಿನ ಒಳಗಿನ ತುಕ್ಕೂ ಅದೇ ಬಣ್ಣದ್ದಾದ್ದರಿಂದ ಧೂಳನ್ನೊಂದೇ ದೂರಿ ಸುಮ್ಮನಾಗುವಂತಿಲ್ಲ.

ಜಾಲರಿ ತೊಳೆದ ಮೇಲೆ ಕೆಮ್ಮು ನಿಂತಿತು. ಸೈಲೆನ್ಸರಿನ ಸದ್ದು ಮತ್ತು ಪಿಕಪ್ ಇಲ್ಲದ ಮಂಕುತನ ಹಾಗೆಯೇ ಉಳಿದವು. ಮಿಸ್ತ್ರಿಯ ದಾರಿಯ ಮಿತಿ ಇಲ್ಲಿಯೇ ಗೋಚರಿಸುತ್ತದೆ. ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತರೆ ಸತ್ತ ಸಿಲಿಂಡರ್ ಸಿಗುತ್ತದೆ, ಕತ್ತಲಲ್ಲಿ ಬಾನೆಟ್ ಎತ್ತಿದರೆ ಸೋರುವ ಕಿಡಿ ಕಾಣುತ್ತದೆ. ಆದರೆ ನಾಲ್ಕೂ ಸಿಲಿಂಡರುಗಳು ಸಮನಾಗಿ ಮಂಕಾಗಿರುವಾಗ ಕಿವಿಗೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ.

ವ್ಯಾಕ್ಯೂಮ್ ಗೇಜ್ ಗೆದ್ದದ್ದು ಈ ಹಂತದಲ್ಲಿ. ಅದನ್ನು ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಇನ್‌ಲೆಟ್ ಮ್ಯಾನಿಫೋಲ್ಡಿಗೇ ಜೋಡಿಸಬೇಕು. ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಕೊಳವೆಗೆ ಸಿಕ್ಕಿಸಿದರೆ ಹೆಚ್ಚಿನ ಕಾರ್ಬುರೇಟರುಗಳಲ್ಲಿ ಐಡ್ಲಿಂಗ್‌ನಲ್ಲಿ ಮುಳ್ಳು ಏಳುವುದೇ ಇಲ್ಲ, ಏಕೆಂದರೆ ಆ ರಂಧ್ರ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ಬಿಲ್ಲೆಗಿಂತ ಮೇಲಿರುತ್ತದೆ. ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸವನ್ನು ಅಲುಗದೆ ತೋರಿಸಬೇಕು ಎನ್ನುವ ಲೆಕ್ಕ ಸಮುದ್ರಮಟ್ಟದ್ದು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುವುದರಿಂದ ಬಳ್ಳಾರಿಯಲ್ಲಿ ಒಂದೂವರೆ ಇಂಚು ಕಡಿಮೆ ಹಿಡಿದುಕೊಳ್ಳಬೇಕು. ಅಂಕಿಗಿಂತಲೂ ಮುಳ್ಳಿನ ನಡೆ ಹೆಚ್ಚು ಹೇಳುತ್ತದೆ. ನಿಯಮಿತವಾಗಿ ತಟ್ಟನೆ ಕೆಳಗೆ ಬಿದ್ದು ಏಳುತ್ತಿದ್ದರೆ ವಾಲ್ವೊಂದು ಸುಟ್ಟಿದೆ ಅಥವಾ ಸರಿಯಾಗಿ ಕೂರುತ್ತಿಲ್ಲ. ತೀರ ಕೆಳಗೆ ನಿಂತರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ನುಗ್ಗುತ್ತಿದೆ. ಎಂಜಿನ್ ವೇಗವನ್ನು ಏರಿಸಿ ಹಿಡಿದಾಗ ನಿಧಾನವಾಗಿ ಇಳಿಯುತ್ತ ಹೋದರೆ ಸೈಲೆನ್ಸರ್ ಕಟ್ಟಿಕೊಂಡಿದೆ. ನನ್ನ ಗಾಡಿಯಲ್ಲಿ ಮುಳ್ಳು ಅಲುಗಲಿಲ್ಲ, ಆದರೆ ಇರಬೇಕಾದುದಕ್ಕಿಂತ ಕೆಳಗೆ ನಿಂತಿತು. ಸ್ಥಿರವಾಗಿ ಕೆಳಗೆ ನಿಂತ ಮುಳ್ಳಿನ ಮೊದಲ ಅರ್ಥ, ಟೈಮಿಂಗ್ ಹಿಂದೆ ಬಿದ್ದಿದೆ ಎಂದು.

ಟೈಮಿಂಗ್ ಲೈಟ್ ಅದನ್ನೇ ದೃಢಪಡಿಸಿತು. ನಮ್ಮ ಊರಿನ ಹಗಲಿನಲ್ಲಿ ಅದರ ಬೆಳಕು ಕಾಣುವುದೇ ಕಷ್ಟವಾದ್ದರಿಂದ ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಸೀಮೆಸುಣ್ಣ ತೀಡಿ ಮುಸ್ಸಂಜೆಯಲ್ಲಿ ನೋಡಬೇಕಾಯಿತು. ಡಿಸ್ಟ್ರಿಬ್ಯೂಟರ್ ತೆರೆದಾಗ ಕಾರಣ ಸಿಕ್ಕಿತು: ತೆರೆದು ಮುಚ್ಚುತ್ತ ಕಿಡಿ ಹಾರಿಸುವ ಪಾಯಿಂಟಿನ ಹಿಮ್ಮಡಿ ಸವೆದು, 0.35ರಿಂದ 0.40 ಮಿಲಿಮೀಟರ್ ಇರಬೇಕಾದ ಗ್ಯಾಪ್ ಸಂದಿ ಕಾಣದಷ್ಟು ಮುಚ್ಚಿಕೊಂಡಿತ್ತು. ಗ್ಯಾಪ್ ಕಿರಿದಾದಷ್ಟೂ ಪಾಯಿಂಟ್ ತಡವಾಗಿ ಬಿಡುತ್ತದೆ, ಕಿಡಿಯೂ ತಡವಾಗುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್; ಈ ಕ್ರಮ ತಿರುಗಿದರೆ ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಗ್ಯಾಪ್ ಸರಿಪಡಿಸಿ ಟೈಮಿಂಗ್ ಹೊಂದಿಸಿದ ಮೇಲೆ ಗೇಜಿನ ಮುಳ್ಳು ಮೇಲೇರಿತು, ಪಿಕಪ್ ಮರಳಿತು, ಇಳಿಜಾರಿನ ಸದ್ದೂ ಹೋಯಿತು. ಕಾರ್ಬುರೇಟರನ್ನು ಬಿಚ್ಚಲೇ ಇಲ್ಲ.

ಒಂದನ್ನೇ ಕೊಳ್ಳುವ ಶಕ್ತಿಯಿದ್ದವರಿಗೆ ನಾನು ವ್ಯಾಕ್ಯೂಮ್ ಗೇಜನ್ನೇ ಹೇಳುತ್ತೇನೆ. ಟೈಮಿಂಗ್ ಲೈಟ್ ಒಂದು ಪ್ರಶ್ನೆಗೆ ಖಚಿತ ಉತ್ತರ ಕೊಡುತ್ತದೆ. ಗೇಜ್ ಯಾವ ಪ್ರಶ್ನೆ ಕೇಳಬೇಕೆಂದು ತೋರಿಸುತ್ತದೆ. ಆದರೆ ಇಂಧನ ಸಾಲದ ದೋಷ ಬಯಲಾಗುವುದು ಏರಿನ ಭಾರದಲ್ಲಿ; ನಿಂತ ಗಾಡಿಯ ಗೇಜಿನಲ್ಲಿ ಅದು ಕಾಣದು, ಅಲ್ಲಿ ಚೋಕ್ ಪರೀಕ್ಷೆಯೇ ಮೇಲು. ಈಗಿನ 20 ಶೇಕಡ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದರ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ರಂಧ್ರಗಳಾದ ಹಳೆಯ ಜೆಟ್ಟುಗಳಿಗೆ ಆ ಮಿಶ್ರಣ ತೆಳುವಾಗಿ ಬೀಳುತ್ತದೆ, ಪಂಪಿನ ಹಳೆಯ ರಬ್ಬರನ್ನೂ ಕೆಡಿಸುತ್ತದೆ.

ಮಿಸ್ತ್ರಿಯ ದಾರಿ, ಅಳೆಯುವ ದಾರಿ ಎರಡೂ ಉತ್ತರ ಕೊಡದಿದ್ದರೆ ಸಿಲಿಂಡರಿನೊಳಗಿನ ಒತ್ತಡವನ್ನು, ಅಂದರೆ ಕಂಪ್ರೆಷನ್ ಅನ್ನು, ಅಳೆಯಬೇಕು. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಒಂದೇ ಕಡಿಮೆಯಿದ್ದು, ಪ್ಲಗ್ ರಂಧ್ರದಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟಾಗ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವಿನ ಕೆಲಸಕ್ಕೆ ಹೆಡ್ ಇಳಿಸಬೇಕು.