ಮಳೆಗಾಲಕ್ಕೆ ಎಫ್‌ಬಿಬಿ ಡಬ್ಬಿಯೇ ಸೈ

ಚಾಕೊಲೇಟ್ ಡಬ್ಬಿಗೆ ಯಾವ ರಟ್ಟು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಫ್‌ಬಿಬಿ (ಫೋಲ್ಡಿಂಗ್ ಬಾಕ್ಸ್ ಬೋರ್ಡ್) ರಟ್ಟಿಗೆ. ಈ ಬುದ್ಧಿ ಬರುವ ಹೊತ್ತಿಗೆ ಎರಡು ಸಾವಿರ ಡಬ್ಬಿಯ ದುಡ್ಡು ಕೈಬಿಟ್ಟಿತ್ತು.

ಮಡಿಕೇರಿ ಹತ್ತಿರ ಮನೆಯಲ್ಲೇ ಚಾಕೊಲೇಟ್ ಮಾಡಿ ಮಾರುತ್ತೇವೆ. ಮೊದಲ ಸಲ ಡಬ್ಬಿ ಮಾಡಿಸಿದ್ದು 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಗ್ರೇ ಬ್ಯಾಕ್ ಡುಪ್ಲೆಕ್ಸ್ ರಟ್ಟಿನಲ್ಲಿ. ಮುಂದೆ ಬಿಳಿ, ಹಿಂದೆ ಬೂದು. ಏಪ್ರಿಲ್‌ನಲ್ಲಿ ಬಂದಾಗ ಡಬ್ಬಿ ಗರಿಗರಿಯಾಗಿತ್ತು. ಕಕ್ಕಡದ ಮಳೆ ಹಿಡಿಯಿತು ನೋಡಿ, ಮಂಗನಬಾವು ಬಂದವರ ಕೆನ್ನೆಯಂತೆ ಎರಡೂ ಪಕ್ಕ ಊದಿಕೊಂಡವು. ಮುಚ್ಚಳ ಸಿಕ್ಕಿಸಿದರೂ ನಿಲ್ಲದು. 'ಮಳೆಗೆ ನಾವೇನು ಮಾಡೋಕಾಗುತ್ತೆ ಮೇಡಂ' ಎಂದರು ಪ್ರೆಸ್ಸಿನವರು. ನಾನೂ ನಂಬಿದೆ.

ಆದರೆ ಅದೇ ರಟ್ಟಿನ ಸ್ಯಾಂಪಲ್ ಡಬ್ಬಿ ಒಂದು ಅದೇ ಕಪಾಟಿನಲ್ಲಿ ನೆಟ್ಟಗೆ ಕೂತಿತ್ತು! ವ್ಯತ್ಯಾಸ ಇದ್ದದ್ದು ಗ್ರೇನ್‌ನಲ್ಲಿ, ಅಂದರೆ ರಟ್ಟಿನ ನಾರು ಮಲಗಿದ ದಿಕ್ಕಿನಲ್ಲಿ. ರಟ್ಟು ತಯಾರಾಗುವಾಗ ಯಂತ್ರ ಓಡುವ ದಿಕ್ಕಿಗೇ ನಾರುಗಳು ಹೆಚ್ಚಾಗಿ ಮಲಗುತ್ತವೆ. ತೇವ ಕುಡಿದ ನಾರು ಉದ್ದಕ್ಕಿಂತ ಅಡ್ಡಕ್ಕೇ ಜಾಸ್ತಿ ಉಬ್ಬುತ್ತದೆ. ಹಾಗಾಗಿ ನಾರು ಡಬ್ಬಿಯ ಸುತ್ತ ಅಡ್ಡಲಾಗಿ ಹೋಗಬೇಕು, ಲಂಬ ಮಡಿಕೆಗಳನ್ನು ಕತ್ತರಿಸುವಂತೆ. ಶೀಟಿಗೆ ಒಂದು ಡಬ್ಬಿ ಹೆಚ್ಚು ಕೂರಲಿ ಅಂತ ಪ್ರೆಸ್ಸಿನವರು ಲೇಔಟನ್ನೇ ತಿರುಗಿಸಿದ್ದರು. ನನ್ನ ಡಬ್ಬಿಗಳಲ್ಲಿ ನಾರು ನೆಟ್ಟಗೆ ಮೇಲಕ್ಕೆ ನಿಂತಿತ್ತು.

ನೀವೂ ನೋಡಿಕೊಳ್ಳಬಹುದು. ಚೌಕ ತುಂಡು ಕತ್ತರಿಸಿ ಎರಡೂ ಕಡೆಗೆ ಬಗ್ಗಿಸಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಈಗ ಆರ್ಡರ್ ಚೀಟಿಯಲ್ಲಿ ಬಾಣದ ಗುರುತು ಹಾಕಿಯೇ ಕೊಡುತ್ತೇನೆ. ಎಫ್‌ಬಿಬಿ ಆದರೂ ಗ್ರೇನ್ ತಪ್ಪಿದರೆ ಊದುತ್ತದೆ, ಅದು ಬೇರೆ ಮಾತು.

ಹಾಗಾದರೆ ಗ್ರೇನ್ ಸರಿಯಿದ್ದರೆ ಡುಪ್ಲೆಕ್ಸೇ ಸಾಕಲ್ವಾ? ನನಗೆ ಬೇಡ. ಹಿಂದಿನ ಬೂದು ಪದರ ರದ್ದಿ ಕಾಗದದ್ದು, ಮಳೆಗಾಲದಲ್ಲಿ ಮುಗ್ಗಲು ವಾಸನೆ. ಚಾಕೊಲೇಟ್ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಎಫ್‌ಬಿಬಿ ಹೊಸ ನಾರಿನದು. ನಡುವೆ ಯಂತ್ರದಲ್ಲಿ ಅರೆದ ಮರದ ಉಬ್ಬಿದ ತಿರುಳು, ಎರಡೂ ಬದಿಗೆ ಗಟ್ಟಿ ಪದರ. ಅಷ್ಟೇ ತೂಕಕ್ಕೆ ದಪ್ಪವೂ ಬಿಗಿಯೂ ಹೆಚ್ಚು. 270 ಜಿಎಸ್‌ಎಂಗೆ ಇಳಿದೆ, ಡಬ್ಬಿ ಸೊರಗಲಿಲ್ಲ. ಕಿಲೋ ಲೆಕ್ಕದಲ್ಲಿ ದುಬಾರಿಯೇ, ಆದರೆ ತೂಕ ಕಡಿಮೆಯಾದದ್ದರಿಂದ ಒಂದಿಷ್ಟು ವಾಪಸ್ ಬಂತು.

ಎಸ್‌ಬಿಎಸ್, ಅಂದರೆ ಪೂರ್ತಿ ಬಿಳುಪು ಮಾಡಿದ ತಿರುಳಿನ ರಟ್ಟು, ಒಳಗೂ ಹೊರಗೂ ಬೆಳ್ಳಗೆ, ಚೆಂದ. ನನ್ನ ಬಜೆಟ್ಟಿಗಲ್ಲ.

ಕಂದು ಕ್ರಾಫ್ಟ್ ರಟ್ಟಿನ ಮೇಲೆ ನಮ್ಮ ಕೆಂಪು ಕಾಫಿ ಹಣ್ಣಿನ ಚಿತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಜೇನಿಗೋ ಕಾಳುಮೆಣಸಿಗೋ ಒಂದೇ ಕಪ್ಪು ಬಣ್ಣದಲ್ಲಿ ಅಚ್ಚು ಹಾಕಿಸುವವರಿಗೆ ಬಹಳ ಚೆನ್ನ.

ಕೊರಿಯರ್‌ಗೆ ಮೂರು ಪದರದ ಕರುಗೇಟೆಡ್ (ನಡುವೆ ಅಲೆಅಲೆಯಾದ ಹಾಳೆ ಇರುವ) ರಟ್ಟು, ಅದರಲ್ಲಿ ಚರ್ಚೆಯಿಲ್ಲ.

ಒಮ್ಮೆ ಖಾಲಿ ಡಬ್ಬಿಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ಚೆನ್ನಾಗಿ ಒಣಗಿದ್ದವು, ಹೊಗೆ ವಾಸನೆ ಸಮೇತ. ಈಗ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಡುತ್ತೇನೆ, ಒಂದು ಸಲಕ್ಕೆ 500 ಮಾತ್ರ ಮಾಡಿಸುತ್ತೇನೆ. ಊದಿದ ಹಳೇ ಡಬ್ಬಿಗಳಲ್ಲಿ ಅತ್ತೆ ಕರೆಂಟ್ ಬಿಲ್ಲು ತುಂಬಿಡುತ್ತಿದ್ದಾರೆ.