3,400 ರೂಪಾಯಿಯ ಎಲ್‌ಪಿ, 150 ರೂಪಾಯಿಯ ಸಿಡಿ

ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಆಲ್ಬಂ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ನನ್ನ ಹತ್ತಿರ ನಾಲ್ಕು ರೂಪದಲ್ಲಿದೆ. ವಾರಕ್ಕೆರಡು ಸಲ ಕೇಳುವುದು ಮಾತ್ರ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲಿ 150 ರೂಪಾಯಿಗೆ ಸಿಕ್ಕ, ಡಬ್ಬಿ ಒಡೆದ ಹಳೇ ಸಿಡಿಯನ್ನು. 3,400 ಕೊಟ್ಟು ತಂದ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕಪಾಟಿನ ಮೇಲೆ ಕೂತಿದೆ. ಈ ಹೋಲಿಕೆ ಆ ಹೊಟ್ಟೆಯುರಿಯಲ್ಲಿ ಬರೆದದ್ದು, ಅದನ್ನು ಗಮನದಲ್ಲಿಟ್ಟುಕೊಂಡೇ ಓದಿ.

ಆಲ್ಬಂ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ 16 ಟ್ರ್ಯಾಕ್ ಟೇಪಿನ ಮೇಲೆ ಮಾಡಿದ್ದು, ಎಂಜಿನಿಯರ್ ಆ್ಯಲನ್ ಪಾರ್ಸನ್ಸ್, ಹೊರಬಂದದ್ದು 1973ರ ಮಾರ್ಚ್‌ನಲ್ಲಿ. ಇಷ್ಟು ಚೆನ್ನಾಗಿ ರೆಕಾರ್ಡ್ ಆದದ್ದು ಯಾವ ಪ್ರತಿಯಲ್ಲಿ ಕೇಳಿದರೂ ಚೆನ್ನಾಗಿಯೇ ಇರಬೇಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಎಲ್‌ಪಿ ಕಥೆ. ಹೊಸ ಮರುಮುದ್ರಣ, 180 ಗ್ರಾಂ ತೂಕ, ಒಳಗೆ ಪೋಸ್ಟರ್, ಸ್ಟಿಕ್ಕರ್ ಎಲ್ಲ ಇವೆ. ಶುರುವಿನಲ್ಲಿ ಏನೂ ತೊಂದರೆ ಗೊತ್ತಾಗಲಿಲ್ಲ. ಎದೆಬಡಿತ ಬಂತು, ಗಡಿಯಾರಗಳು ಬಡಿದವು, ‘ಟೈಮ್’ ಮುಗಿಯಿತು. ಆಮೇಲೆ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’. ಅದು ತಂಡದ ರಿಚರ್ಡ್ ರೈಟ್ ಪಿಯಾನೋದಿಂದ ಶುರುವಾಗುತ್ತದೆ. ಆ ಸ್ವರಗಳು ನೆಟ್ಟಗೆ ನಿಲ್ಲಲೇ ಇಲ್ಲ. ಜೋಕಾಲಿ ಹಾಗೆ ತೂಗಿದವು. ಅಡುಗೆಮನೆಯಿಂದ ಅಮ್ಮ, “ಏನೋ ಅದು, ಶ್ರುತಿನೇ ನಿಲ್ತಿಲ್ಲ” ಅಂದರು. ಅವರಿಗೆ ಪಿಂಕ್ ಫ್ಲಾಯ್ಡ್ ಗೊತ್ತಿಲ್ಲ. ತಂಬೂರಿ ಗೊತ್ತು.

ಪ್ಲೇಯರ್ ಹಾಳಾಗಿದೆ ಅಂದುಕೊಂಡೆ. ಬೇರೆ ರೆಕಾರ್ಡ್ ಹಾಕಿದರೆ ಸರಿಯಾಗಿದೆ. ಬೆಲ್ಟ್ ಬದಲಾಯಿಸಿದೆ, ಏನೂ ಉಪಯೋಗವಾಗಲಿಲ್ಲ. ಕೊನೆಗೆ ಹಾಡು ಬಿಟ್ಟು ಸೂಜಿಯ ತೋಳನ್ನೇ ನೋಡುತ್ತಾ ಕೂತೆ. ಪ್ರತಿ ಸುತ್ತಿಗೂ ಅದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓಲಾಡುತ್ತಿತ್ತು. ನಡುವಿನ ತೂತು ನಡುವೆ ಇಲ್ಲ! ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ತೂತು ಅರ್ಧ ಮಿಲಿಮೀಟರ್ ಸರಿದಿದ್ದರೂ ಸಾಕು, 1.8 ಸೆಕೆಂಡಿಗೊಮ್ಮೆ ಸ್ವರ ಏರಿ ಇಳಿಯುತ್ತದೆ. ಅಂಚಿನಲ್ಲಿ ಸುತ್ತು ದೊಡ್ಡದು, ಅಷ್ಟಾಗಿ ತಿಳಿಯುವುದಿಲ್ಲ. ಒಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ, ಅದೇ ಅರ್ಧ ಮಿಲಿಮೀಟರ್ ಹೆಚ್ಚು ಕಾಟ ಕೊಡುತ್ತದೆ. ಡ್ರಮ್ಸು, ಗಿಟಾರು ಗಲಾಟೆ ಮಾಡುವಾಗ ಈ ತೂಗಾಟ ಮುಚ್ಚಿಹೋಗುತ್ತದೆ. ಪಿಯಾನೋದಲ್ಲಿ ಮುಚ್ಚುವುದಿಲ್ಲ. ಈ ಆಲ್ಬಂನ ಮೊದಲ ಬದಿಯ ಕೊನೇ ಹಾಡು, ಅಂದರೆ ತೀರಾ ಒಳಗಿನ ಹಾಡು, ಆ ಪಿಯಾನೋದ್ದೇ. ಕರ್ಮ.

ಅಂಗಡಿಗೆ ಫೋನ್ ಮಾಡಿದೆ. “ಸೂಜಿ ಹಾರುತ್ತಾ ಸಾರ್?” ಇಲ್ಲ. “ಗೀರು ಇದೆಯಾ?” ಇಲ್ಲ. “ಹಾಗಾದ್ರೆ ಸರಿಯಾಗೇ ಇದೆ.” ವಿಡಿಯೋ ಕಳಿಸಿದೆ. ಹತ್ತು ದಿನ ಕಾಡಿದ ಮೇಲೆ ಬೇರೆ ಪ್ರತಿ ಬಂತು. ಅದೂ ಓಲಾಡಿತು! ಆಮೇಲೆ ಅರ್ಥವಾಯಿತು. ರೆಕಾರ್ಡನ್ನು ಒತ್ತುವ ಲೋಹದ ಅಚ್ಚೇ ನಡು ತಪ್ಪಿ ಕೂತಿದ್ದರೆ, ಅದರಿಂದ ಒತ್ತಿದ ಎಲ್ಲ ಪ್ರತಿಗಳಲ್ಲೂ ಅದೇ ತಪ್ಪು ಬರುತ್ತದೆ. ಮೂರನೆಯದನ್ನು ಕೇಳುವ ಮುಖ ಉಳಿದಿರಲಿಲ್ಲ.

ಒಂದು ಭಾನುವಾರ ದುಂಡಗಿನ ಅರ ತಂದು ತೂತನ್ನು ಸ್ವಲ್ಪ ಉಜ್ಜಿ ಅಗಲ ಮಾಡಿದೆ. ಈಗ ಪ್ರತಿ ಸಲ ಹಾಕುವಾಗಲೂ ರೆಕಾರ್ಡನ್ನು ಬೆರಳಲ್ಲಿ ತಳ್ಳಿ, ತಿರುಗಿಸಿ, ಓಲಾಟ ನಿಲ್ಲುವವರೆಗೆ ಸರಿಮಾಡಬೇಕು. ಐದು ನಿಮಿಷದ ಕೆಲಸ. ಬದಿ ಬದಲಿಸಿದರೆ ಇನ್ನೊಂದು ಐದು ನಿಮಿಷ. ಸರಿ ಕೂತ ದಿನ ಮಾತ್ರ, ನಿಜ ಹೇಳಬೇಕೆಂದರೆ, ಆ ಹಾಡಿನಲ್ಲಿ ಗಾಯಕಿ ಕ್ಲೇರ್ ಟೋರಿ ದನಿ ಕೇಳುವಾಗ ಮೈ ಜುಮ್ಮೆನ್ನುತ್ತದೆ. ಅಂಥ ದಿನ ಎಷ್ಟು ಬಂದಿವೆ? ಎರಡು.

ಫೋನಿನಲ್ಲಿರುವ ಎಂಪಿ3. ಬಸ್ಸಿಗೆ ಸಾಕು. ಆದರೆ ಹಾಡಿಂದ ಹಾಡಿಗೆ ಹೋಗುವಾಗ ಸಣ್ಣದೊಂದು ಬಿಕ್ಕಳಿಕೆ ಬರುತ್ತದೆ. ಎಂಪಿ3 ಮಾಡುವಾಗ ಪ್ರತಿ ಫೈಲಿನ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ, ನನ್ನ ಪ್ಲೇಯರ್ ಆ್ಯಪ್ ಅದನ್ನು ಕತ್ತರಿಸುವುದಿಲ್ಲ. ಬೇರೆ ಆಲ್ಬಂಗಳಲ್ಲಿ ಗಮನಕ್ಕೇ ಬರುವುದಿಲ್ಲ. ಇಲ್ಲಿ ಹಾಡುಗಳು ಒಂದರ ಬಾಲ ಇನ್ನೊಂದು ಹಿಡಿದು ಬರುತ್ತವೆ. ‘ಬ್ರೇನ್ ಡ್ಯಾಮೇಜ್’ನಿಂದ ‘ಎಕ್ಲಿಪ್ಸ್’ಗೆ ಏರುವ ಜಾಗದಲ್ಲೇ ಬಿಕ್ಕಳಿಕೆ ಬಂದರೆ ಊಟದಲ್ಲಿ ಕಲ್ಲು ಸಿಕ್ಕಂತೆ.

ಮೂರನೆಯದು ದುಬೈಯಿಂದ ಭಾವ ತಂದುಕೊಟ್ಟ 2003ರ ಎಸ್‌ಎಸಿಡಿ, ಅಂದರೆ ಸೂಪರ್ ಆಡಿಯೋ ಸಿಡಿ. 30 ವರ್ಷ ತುಂಬಿದಾಗ ಬಂದ ಆವೃತ್ತಿ, ಸುತ್ತಲೂ ಸ್ಪೀಕರ್ ಇಟ್ಟು ಕೇಳಲೆಂದು ಜೇಮ್ಸ್ ಗತ್ರಿ ಮಾಡಿದ 5.1 ಮಿಕ್ಸ್ ಇದೆ. ಮೈಸೂರಿನ ಭಾವನ ಮನೆಯಲ್ಲಿ ಐದು ಸ್ಪೀಕರ್ ನಡುವೆ ಕೂತು ಒಮ್ಮೆ ಕೇಳಿದೆ. ‘ಆನ್ ದ ರನ್’ ತಲೆಯ ಸುತ್ತ ಓಡಿತು. ಅದ್ಭುತ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಮನೆಯಲ್ಲಿ ಸ್ಪೀಕರ್ ಎರಡೇ, ಪ್ಲೇಯರೂ ಮಾಮೂಲಿ. ಹಾಗಾಗಿ ಅದೇ ಡಿಸ್ಕಿನ ಸಿಡಿ ಪದರ ಮಾತ್ರ ಓಡುತ್ತದೆ. ಅದರ ದನಿಯನ್ನು ಎತ್ತಿ ಒತ್ತಿದ್ದಾರೆ. ಮೆಲ್ಲಗಿರಬೇಕಾದದ್ದೂ ಜೋರಾಗಿದೆ. ‘ಟೈಮ್’ ಶುರುವಿನ ಗಡಿಯಾರಗಳು ಬೆಚ್ಚಿಬೀಳಿಸಬೇಕು. ಇದರಲ್ಲಿ ಪಕ್ಕದ ಮನೆಯ ಅಲಾರಂ ಹೊಡೆದಂತೆ ಅನ್ನಿಸುತ್ತದೆ, ಅಷ್ಟೇ.

ಇನ್ನು ನನ್ನ 150 ರೂಪಾಯಿ. 1992ರಲ್ಲಿ ಡಗ್ ಸ್ಯಾಕ್ಸ್ ಮಾಸ್ಟರಿಂಗ್ (ಪ್ರತಿ ತೆಗೆಯುವ ಮೊದಲು ದನಿಯನ್ನು ಕೊನೆಯದಾಗಿ ಹದಮಾಡುವ ಕೆಲಸ) ಮಾಡಿ, 1994ರಲ್ಲಿ ಬಂದ ಸಿಡಿ ಇದು. ಎಲ್ಲವನ್ನೂ ಜೋರು ಮಾಡುವ ಹುಚ್ಚು ಇದಕ್ಕೆ ತಗುಲಿಲ್ಲ. ಬೇರೆಯವಕ್ಕಿಂತ ವಾಲ್ಯೂಮ್ ಸ್ವಲ್ಪ ಏರಿಸಬೇಕು. ಏರಿಸಿದರೆ ಗಡಿಯಾರಗಳಿಗೆ ನಾನು ಈಗಲೂ ಬೆಚ್ಚುತ್ತೇನೆ, ಬರುತ್ತವೆ ಅಂತ ಗೊತ್ತಿದ್ದೂ. ‘ಮನಿ’ಯಲ್ಲಿ ಚಿಲ್ಲರೆ ಸದ್ದಿನ ಟೇಪು ಏಳೇಳು ಎಣಿಕೆಯಲ್ಲಿ ತಿರುಗುವಾಗ ಒಂದೊಂದು ನಾಣ್ಯವೂ ಬೇರೆ ಬೇರೆ ಬೀಳುತ್ತದೆ. (ಮಿಶ್ರ ಛಾಪು ಕೇಳಿ ಬೆಳೆದವರಿಗೆ ಆ ಏಳು ಏನೂ ಕಷ್ಟವಲ್ಲ. ಗಿಟಾರ್ ಸೋಲೋ ಬಂದಾಗ ತಂಡದವರೇ ನಾಲ್ಕಕ್ಕೆ ಇಳಿಯುತ್ತಾರೆ.) ‘ಅಸ್ ಆ್ಯಂಡ್ ದೆಮ್’ನ ಸ್ಯಾಕ್ಸೋಫೋನ್ ಎಲ್‌ಪಿಯಲ್ಲಿ ಇನ್ನೂ ಬೆಚ್ಚಗಿದೆ, ಒಪ್ಪುತ್ತೇನೆ. ಕೊನೆಯ ಎದೆಬಡಿತ ಕರಗುವಾಗ ವಾಲ್ಯೂಮ್ ಪೂರ್ತಿ ಏರಿಸಿದರೆ, ಹಿಂದೆಲ್ಲೋ ಬೀಟಲ್ಸ್‌ನ ‘ಟಿಕೆಟ್ ಟು ರೈಡ್’ ವಾದ್ಯವೃಂದದಲ್ಲಿ ಮಸುಕಾಗಿ ಕೇಳುತ್ತದೆ. ನನಗೆ ಇದರಲ್ಲಿ ಒಂದು ಕಳ್ಳ ಖುಷಿ.

ನಾನು ಕೇಳುವುದು ರಾತ್ರಿ ಹತ್ತರ ಮೇಲೆ, ಮಗಳು ಮಲಗಿದ ನಂತರ, ಹೆಡ್‌ಫೋನ್ ಹಾಕಿಕೊಂಡು, ಕತ್ತಲಲ್ಲಿ. ಸುಮಾರು 43 ನಿಮಿಷ. ನಡುವೆ ಎದ್ದು ಬದಿ ಬದಲಿಸಿ, ಟಾರ್ಚ್ ಹಿಡಿದು ತೂತು ಸರಿಮಾಡುವ ತಾಳ್ಮೆ ನನಗಿಲ್ಲ. ಒಳ್ಳೆಯ ಟರ್ನ್‌ಟೇಬಲ್, ಬಿಡುವಾದ ಸಂಜೆ ಎರಡೂ ಇದ್ದರೆ ಎಲ್‌ಪಿ ತಗೊಳ್ಳಿ. ಆದರೆ ಅಂಗಡಿಯಲ್ಲೇ ಮೊದಲ ಬದಿಯ ಕೊನೇ ಹಾಡು ಹಾಕಿಸಿ, ಸೂಜಿಯ ತೋಳು ನೋಡಿ, ಆಮೇಲೆ ದುಡ್ಡು ಕೊಡಿ. ಐದು ಸ್ಪೀಕರ್ ಇದ್ದವರು 2003ರದ್ದು ಹುಡುಕಿ. ಮಿಕ್ಕವರು ಹಳೇ ಸಿಡಿ ರಾಶಿ ಕೆದಕಿ.

ತೂತು ಉಜ್ಜಿದ ಎಲ್‌ಪಿ ಯಾರಿಗಾದರೂ ಬೇಕಿದ್ದರೆ 800ಕ್ಕೆ ಕೊಡುತ್ತೇನೆ. ಪೋಸ್ಟರ್ ಮಾತ್ರ ಸಿಗುವುದಿಲ್ಲ, ಮಗಳು ಆಗಲೇ ಗೋಡೆಗೆ ಅಂಟಿಸಿದ್ದಾಳೆ.