ಕಲ್ಲಿಗೆ ಕಾರ್ಗೋ, ಕಿರೀಟಕ್ಕೆ ಲಗೇಜು

ನಮ್ಮ ಭಾವ ಶಾರ್ಜಾದಲ್ಲಿ ಸಣ್ಣ ಹೋಟೆಲೊಂದರ ಪಾಲುದಾರ. ಅದು ಹೊಟ್ಟೆಪಾಡು. ಹುಚ್ಚು ಮಾತ್ರ ಯಕ್ಷಗಾನದ್ದು. ಹಾಗಾಗಿ ಎರಡು ವರ್ಷಗಳಲ್ಲಿ ಉಡುಪಿಯಿಂದ ಅವರಿಗೆ ನಾನು ಕಳಿಸಿದ ಸಾಮಾನು ಎರಡೇ ಬಗೆಯದು: ರುಬ್ಬುವ ಕಲ್ಲು, ಮತ್ತೆ ವೇಷದ ಕಿರೀಟ. ಒಂದು ಎತ್ತಲಾಗದಷ್ಟು ಭಾರ, ಇನ್ನೊಂದು ಮಗುವೂ ಎತ್ತುವಷ್ಟು ಹಗುರ. ದುಡ್ಡು ಜಾಸ್ತಿ ತಿಂದದ್ದು ಕಿರೀಟ!

ಮೊದಲು ಹೋದದ್ದು ತಂಗಿಯ ಮನೆಗೆಂದು ತೆಗೆದ 2 ಲೀಟರಿನ ಟೇಬಲ್ ಟಾಪ್ ಗ್ರೈಂಡರ್. ಅವಳು ರಜೆ ಮುಗಿಸಿ ಹೊರಡುವಾಗ ಜೊತೆಗೇ ಕಳಿಸಿದೆವು. ಅವಳ ಟಿಕೆಟಿನಲ್ಲಿ ಚೆಕ್-ಇನ್ ಲಗೇಜು 30 ಕಿಲೊ. ಪಕ್ಕದ ಅಂಗಡಿಯಲ್ಲಿ ಅಡಿಕೆ ತೂಗುವ ತಕ್ಕಡಿಗೆ ಇಟ್ಟು ನೋಡಿದರೆ ಪೆಟ್ಟಿಗೆ 14 ಕಿಲೊ. ಉಳಿದ 16ರಲ್ಲಿ ಸೂಟ್‌ಕೇಸ್, ಅಂದರೆ ಬಟ್ಟೆ, ಹಪ್ಪಳ, ಒಂದಿಷ್ಟು ಕುಚ್ಚಲಕ್ಕಿ. ಒಂದು ರೂಪಾಯಿ ಹೆಚ್ಚು ಕೊಡಲಿಲ್ಲ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಆದ ಮೇಲೆ ಪೆಟ್ಟಿಗೆ ತೆರೆಸಿದರು. ಪರದೆಯಲ್ಲಿ ಕಲ್ಲು ಬರೀ ಕಪ್ಪು ಉಂಡೆಯಾಗಿ ಕಂಡಿತ್ತಂತೆ. ಟೇಪು ಮತ್ತು ಕತ್ತರಿ ಕೈಯಲ್ಲಿ ಇಟ್ಟುಕೊಂಡು ಹೋಗಿದ್ದಕ್ಕೆ ಬಚಾವಾದೆವು.

ತಪ್ಪು ನಮ್ಮದೇ ಒಂದಿತ್ತು. ರುಬ್ಬುವ ಗುಂಡುಗಳನ್ನು ಪಾತ್ರೆಯ ಒಳಗೇ ಬಿಟ್ಟಿದ್ದೆವು. ಶಾರ್ಜಾದಲ್ಲಿ ತೆರೆದಾಗ ಪಾತ್ರೆಗೆ ನಗ್ಗು, ಮುಚ್ಚಳ ಎರಡು ಹೋಳು. ಗುಂಡುಗಳನ್ನು ಹೊರಗೆ ತೆಗೆದು, ಒಂದೊಂದನ್ನೂ ಬೈರಾಸಿನಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಇಡಬೇಕಿತ್ತು. ಅಲ್ಲಿನ ಪ್ಲಗ್ಗು ಬೇರೆ, ಚೌಕ ಕಡ್ಡಿಯ ಮೂರು ಪಿನ್ನಿನದು. ಕರೆಂಟು ನಮ್ಮಂತೆಯೇ, ಆದ್ದರಿಂದ ಪ್ಲಗ್ ಬದಲಿಸಿದರೆ ಸಾಕು.

ಎರಡನೆಯದು ಹೋಟೆಲಿಗೆ. 5 ಲೀಟರಿನ ಟಿಲ್ಟಿಂಗ್ ಗ್ರೈಂಡರ್ (ಪಾತ್ರೆ ವಾಲಿಸಿ ಹಿಟ್ಟು ಸುರಿಯುವಂಥದ್ದು), ಪ್ಯಾಕ್ ಆದ ಮೇಲೆ 48 ಕಿಲೊ. ಇದು ಲಗೇಜಿನಲ್ಲಿ ಹೋಗುವ ಮಾತೇ ಇಲ್ಲ. ದುಡ್ಡು ಕೊಟ್ಟು ಎಷ್ಟು ಕಿಲೊ ಬೇಕಾದರೂ ಹೆಚ್ಚಿಸಿಕೊಳ್ಳಿ, ಒಂದೇ ಪೆಟ್ಟಿಗೆ 32 ಕಿಲೊ ಮೀರಿದರೆ ಹೆಚ್ಚಿನ ಏರ್‌ಲೈನುಗಳು ಕೌಂಟರಿನಲ್ಲೇ ಬೇಡ ಅನ್ನುತ್ತವೆ. ಇದು ವಿಮಾನಕ್ಕಾಗಿ ಮಾಡಿದ ನಿಯಮ ಅಲ್ಲ, ಎತ್ತುವವರ ಸೊಂಟಕ್ಕಾಗಿ. ಬೋಯಿಂಗ್ 737ರಂಥ ಸಣ್ಣ ವಿಮಾನದ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಒಬ್ಬರು ಒಳಗೆ ಮಂಡಿಯೂರಿ ಕುಳಿತು ಒಂದೊಂದೇ ಚೀಲ ಜೋಡಿಸುತ್ತಾರೆ.

ಮಂಗಳೂರಿನ ಕಾರ್ಗೋ ಏಜೆಂಟರಿಗೆ ಫೋನ್ ಮಾಡಿ "48 ಕಿಲೊ ಉಂಟು" ಅಂದೆ.

"ತೂಕ ಆಮೇಲೆ ಮಾರಾಯ್ರೆ, ಮೊದಲು ಪೆಟ್ಟಿಗೆಯ ಅಳತೆ ಹೇಳಿ."

ಆಗಲೇ ನನಗೆ ಗೊತ್ತಾದದ್ದು. ಏರ್ ಕಾರ್ಗೋದಲ್ಲಿ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದದ್ದು 'ಗಾತ್ರದ ತೂಕ'. ಅದು ಮತ್ತು ನಿಜ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ನಮ್ಮ ಪೆಟ್ಟಿಗೆ 75, 50, 60. ಲೆಕ್ಕ ಹಾಕಿದರೆ 37.5 ಕಿಲೊ. ನಿಜ ತೂಕವೇ ಜಾಸ್ತಿ, ಹಾಗಾಗಿ 48ಕ್ಕೇ ಬಿಲ್. ಕಲ್ಲು ಕಳಿಸುವವರು ಗಾಳಿಗೆ ದುಡ್ಡು ಕೊಡಬೇಕಿಲ್ಲ. ಇನ್ನೊಂದು ಲಾಭವೂ ಇತ್ತು. ಕಾರ್ಗೋದಲ್ಲಿ 45 ಕಿಲೊ ದಾಟಿದರೆ ಕಿಲೊ ದರ ಇಳಿಯುತ್ತದೆ, ಮತ್ತೆ 100ಕ್ಕೆ, 300ಕ್ಕೆ ಹೀಗೆ. 42 ಕಿಲೊ ಇದ್ದರೂ 45 ಕಿಲೊ ಅಂತಲೇ ಆ ಇಳಿದ ದರದಲ್ಲಿ ಬಿಲ್ ಮಾಡಿಸಿದರೆ ಒಟ್ಟು ಕಮ್ಮಿ ಆಗಬಹುದು, ಕೇಳಿ ನೋಡಬೇಕು.

ಆದರೆ ಕಿಲೊ ದರ ಕೇಳಿ ಕುಣಿಯಬೇಡಿ. ಏರ್ ವೇಬಿಲ್ (ವಿಮಾನ ಸಾಗಣೆಯ ರಸೀದಿ) ಶುಲ್ಕ, ಎಕ್ಸ್‌ರೇ ಶುಲ್ಕ, ಹ್ಯಾಂಡ್ಲಿಂಗ್, ಕಸ್ಟಮ್ಸ್ ಏಜೆಂಟರ ಕೂಲಿ ಅಂತ ಬಿಲ್ಲಿನ ಬಾಲ ಉದ್ದವಾಗುತ್ತಾ ಹೋಯಿತು. ಕೊನೆಗೆ ನೋಡಿದರೆ ಅರ್ಧ ಮಾತ್ರ ಸಾಗಣೆಯದು, ಇನ್ನರ್ಧ ಈ ಬಾಲದ್ದು. 14 ಕಿಲೊದ ಸಾಮಾನಿಗೂ ಬಾಲ ಹೆಚ್ಚುಕಮ್ಮಿ ಇಷ್ಟೇ ಇರುತ್ತದೆ. ಅದಕ್ಕೇ ಸಣ್ಣ ಗ್ರೈಂಡರಿಗೆ ಕಾರ್ಗೋ ದಂಡ.

ಕಾಗದಪತ್ರದ ಗೋಳೂ ಇಲ್ಲೇ. ವ್ಯಾಪಾರದ ಸಾಮಾನು ಅಂದರೆ ರಫ್ತು ಕೋಡ್, ಅಂದರೆ ರಫ್ತುದಾರರಿಗೆ ಸರ್ಕಾರ ಕೊಡುವ ನಂಬರ್, ಬೇಕು. ಗ್ರೈಂಡರ್ ಮಾರಿದ ಅಂಗಡಿಯವರ ಬಳಿ ಅದು ಇದ್ದುದರಿಂದ ಅವರ ಹೆಸರಲ್ಲೇ ಕಳಿಸಿದೆವು. ಅಲ್ಲಿ ಹೋಟೆಲಿನ ಲೈಸೆನ್ಸ್ ಹೆಸರಲ್ಲಿ ಬಿಡಿಸಿಕೊಂಡರು. ಸುಂಕ ಶೇ 5, ಅದರ ಮೇಲೆ ವ್ಯಾಟ್ ಶೇ 5. ಇನ್ನು, ನಮ್ಮ ಆಚಾರಿಯವರು ಪ್ರೀತಿಯಿಂದ ಮಾವಿನ ಹಲಗೆಯ ಪೆಟ್ಟಿಗೆ ಮಾಡಿಕೊಟ್ಟಿದ್ದರು. ಏಜೆಂಟರು ನೋಡಿದ್ದೇ ತಲೆಯಾಡಿಸಿದರು. ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಯನ್ನು ಕಾಯಿಸಿ, ಹುಳ ಸಾಯಿಸಿ, ಮುದ್ರೆ ಹೊಡೆದಿರಬೇಕಂತೆ. ಪ್ಲೈವುಡ್‌ಗೆ ಆ ರಗಳೆ ಇಲ್ಲ. ಪ್ಲೈವುಡ್ಡಿನಲ್ಲಿ ಮತ್ತೊಂದು ಮಾಡಿಸಿದೆ. ಮಾವಿನ ಪೆಟ್ಟಿಗೆಯಲ್ಲಿ ಈಗ ನಮ್ಮ ತೆಂಗಿನಕಾಯಿ ಇದೆ.

ಗ್ರೈಂಡರ್ ಬಜ್ಪೆಯಿಂದ ಹಾರಲಿಲ್ಲ. ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಹಾರಿತು. ಭಾವನ ಕೈಸೇರಲು 11 ದಿನ. ಏರ್ ವೇಬಿಲ್ಲಿನ 11 ಅಂಕಿಯ ನಂಬರ್ ಹಾಕಿ ದಿನಾ ನೋಡುತ್ತಿದ್ದೆ. ಮೊದಲ ಮೂರು ಅಂಕಿ ಯಾವ ಏರ್‌ಲೈನು ಅಂತ ಹೇಳುತ್ತದೆ. ಸಾಮಾನು ಮಾತ್ರ ಒಂದು ಗೀರಿಲ್ಲದೆ ತಲುಪಿತು.

ಈಗ ಕಿರೀಟ. ಬಡಗುತಿಟ್ಟಿನದು, ಅಂದರೆ ಯಕ್ಷಗಾನದ ಉತ್ತರದ ಶೈಲಿಯದು, ಹಗುರ ಮರದ್ದು. ಹತ್ತಿ, ಬಟ್ಟೆ ತುಂಬಿ ಪೆಟ್ಟಿಗೆ ಮಾಡಿದಾಗ 60, 55, 40 ಸೆಂಟಿಮೀಟರ್. ತೂಕ 7 ಕಿಲೊ. ಬರೀ 7 ಕಿಲೊ ಅಲ್ವಾ, ಮನೆ ಬಾಗಿಲಿಗೆ ತಲುಪಿಸುತ್ತಾರೆ ಅಂತ ಒಂದು ಕೊರಿಯರ್‌ಗೆ ಕೊಟ್ಟೆ. ಕೊರಿಯರಿನವರು ಸಾಮಾನ್ಯವಾಗಿ ಭಾಗಿಸುವುದು 5000ದಿಂದ. ಬಂತು 26.4, ಮೇಲಕ್ಕೆತ್ತಿ 27 ಕಿಲೊದ ಬಿಲ್! ಕಾರ್ಗೋದಲ್ಲಾದರೂ 22 ಆಗುತ್ತಿತ್ತು. ನಾಲ್ಕೇ ದಿನದಲ್ಲಿ ತಲುಪಿಸಿದರು, ಅದಕ್ಕೆ ಎರಡು ಮಾತಿಲ್ಲ. ಆದರೆ ನವಿಲುಗರಿಯ ಹಾಗಿದ್ದ ಸಾಮಾನಿಗೆ ಅಕ್ಕಿಮೂಟೆಯ ಬಾಡಿಗೆ ಕೊಟ್ಟ ಹೊಟ್ಟೆಯುರಿ ಇನ್ನೂ ಇದೆ.

ಮುಂದಿನ ಸಲ ಅದೇ ಅಳತೆಯ ಇನ್ನೊಂದು ಕಿರೀಟವನ್ನು ನಾನೇ ಹೋಗುವಾಗ ಲಗೇಜಿಗೆ ಹಾಕಿದೆ. ಕೌಂಟರಿನ ತಕ್ಕಡಿಗೆ ಗಾತ್ರ ಗೊತ್ತಾಗುವುದಿಲ್ಲ, 7 ಅಂದರೆ 7. ಮೂರೂ ಅಳತೆ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು ಅಂತ ಬಹಳ ಕಡೆ ಮಿತಿ ಇದೆ. ನಮ್ಮದು 155. ಬೆಲ್ಟಿನ ಮೇಲೆ ತಲೆಕೆಳಗಾಗಿ ಬಂತು, ಎದೆ ಧಸಕ್ಕೆಂದಿತು. ಒಳಗೆ ಒಂದು ಮಣಿಯೂ ಉದುರಿರಲಿಲ್ಲ.

ಉದುರಿದ್ದರೆ? ಇಲ್ಲೂ ಲಗೇಜೇ ಮೇಲು. ವಿಮಾನದಲ್ಲಿ ಹೋದ ಸಾಮಾನು ಹಾಳಾದರೆ ಎಷ್ಟು ಪರಿಹಾರ ಅಂತ ಹೇಳುವ, ಭಾರತ, ಯುಎಇ ಎರಡೂ ಒಪ್ಪಿದ ಮಾಂಟ್ರಿಯಲ್ ಒಪ್ಪಂದದಲ್ಲಿ ಕಾರ್ಗೋ ಪರಿಹಾರದ ಮಿತಿ ಕಿಲೊ ಲೆಕ್ಕದಲ್ಲಿ, ಕಿಲೊಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಲೆಕ್ಕದ ಹಣ. ಲಗೇಜಿಗಾದರೆ ಒಬ್ಬ ಪ್ರಯಾಣಿಕರಿಗೆ ಒಟ್ಟು 1,519ರ ತನಕ. ಈ ಅಂಕಿಗಳು 2024ರ ಡಿಸೆಂಬರ್ 28ರಿಂದ ಬಂದವು. 7 ಕಿಲೊದ ಕಿರೀಟ ಕಾರ್ಗೋದಲ್ಲಿ ಪುಡಿಯಾದರೆ 182 ಎಸ್‌ಡಿಆರ್‌ಗೆ ಮುಗಿಯಿತು. ಕಲಾವಿದರ ಕೈಕೆಲಸಕ್ಕೆ ತಕ್ಕಡಿಯಲ್ಲಿ ತೂಕವಿಲ್ಲ. ಲಗೇಜಿಗೆ ಪೆಟ್ಟಾದರೆ 7 ದಿನದೊಳಗೆ, ಕಾರ್ಗೋಗೆ 14 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಂಗಿ ನಗ್ಗಾದ ಪಾತ್ರೆಯ ಬಗ್ಗೆ ಹೇಳಿದ್ದು ಹದಿನೈದು ದಿನದ ಮೇಲೆ.

ಯಾವ ಪೆಟ್ಟಿಗೆಯಲ್ಲೂ ಖಾಲಿ ಮೂಲೆ ಕಂಡಿತೆಂದು ಕೊಬ್ಬರಿ ತುರುಕಬೇಡಿ. ಒಣ ಕೊಬ್ಬರಿ ಎಣ್ಣೆಯಿಂದಾಗಿ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು, ಲಗೇಜಿನಲ್ಲಿ ಬಿಡುವುದಿಲ್ಲ. ಗಸಗಸೆಯಂತೂ ಯುಎಇಯಲ್ಲಿ ಜೈಲಿನ ದಾರಿ.

ಭಾವನ ಹೊಸ ಪಟ್ಟಿ ನಿನ್ನೆ ಬಂತು: ಒಂದು ಚೆಂಡೆ, ಎರಡು ಒರಳು. ಟೇಪು ಹಿಡಿದು ಚೆಂಡೆ ಅಳೆಯುತ್ತಾ ಕುಳಿತಿದ್ದೇನೆ.